ಕಾಲಿಗೆ ತಕ್ಕ ಕಾಲುಚೀಲ

ನೇಯ್ದ ಬಟ್ಟೆಯ ತುಂಡೊಂದನ್ನು ಎರಡು ಕೈಗಳಿಂದ ಹಿಡಿದೆಳೆದರೆ ಅದು ಅಷ್ಟಾಗಿ ಹಿಗ್ಗದು. ಅದೇ ನೂಲಿನಿಂದ ಹೆಣೆದ ಕಾಲುಚೀಲವಾದರೋ ಸುಲಭವಾಗಿ ಹಿಗ್ಗಿ, ಬಿಟ್ಟೊಡನೆ ಬಹುಮಟ್ಟಿಗೆ ಹಿಂದಿನ ಗಾತ್ರಕ್ಕೆ ಮರಳುತ್ತದೆ. ನೂಲು ಒಂದೇ ಆಗಿರುವಾಗ ಈ ಗುಣ ಎಲ್ಲಿಂದ ಬಂದಿತು? ಹೆಣಿಗೆಯಲ್ಲಿ ಒಂದು ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆ ಹಾಯ್ದು ಬರುತ್ತದೆ. ಎಳೆದಾಗ ಹೆಚ್ಚಾಗಿ ಬದಲಾಗುವುದು ಕುಣಿಕೆಯ ಆಕಾರವೇ ಹೊರತು ನೂಲಿನ ಉದ್ದವಲ್ಲ. ಬಾಗಿದ ನೂಲು ಮೊದಲಿನ ಸ್ಥಿತಿಗೆ ಮರಳಲೆಳಸುತ್ತದೆ; ಕುಣಿಕೆಗಳ ನಡುವಣ ಘರ್ಷಣೆ ಅದನ್ನು ತಡೆಯುತ್ತದೆ. ಗುಂಗುರು ಎಳೆಗಳುಳ್ಳ ಉಣ್ಣೆಯು ಈ ಸೆಣಸಾಟದಲ್ಲಿ ಹತ್ತಿಗಿಂತ ಮೇಲು.

ಆದುದರಿಂದ ಕಾಲಿನ ಸುತ್ತಳತೆಯಷ್ಟೇ ಅಗಲವಾಗಿ ಕಾಲುಚೀಲವನ್ನು ಹೆಣೆದರೆ ಅದು ಜಾರುತ್ತದೆ, ಸುಕ್ಕುಗಟ್ಟುತ್ತದೆ. ಆ ಸುಕ್ಕು ಬೂಟಿನೊಳಗೆ ಉಜ್ಜಿ ಬೊಬ್ಬೆಯನ್ನೆಬ್ಬಿಸುತ್ತದೆ. ಚೀಲವು ಕಾಲಿಗಿಂತ ಸುಮಾರು ಹತ್ತನೆಯ ಒಂದು ಭಾಗದಷ್ಟು ಕಿರಿದಾಗಿರಬೇಕು. ಪಾದದ ಸುತ್ತಳತೆ 22 ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ಚೀಲದ ಸುತ್ತಳತೆ 20 ಸೆಂಟಿಮೀಟರ್ ಆಗಬೇಕು. ಸೆಂಟಿಮೀಟರಿಗೆ 3 ಕುಣಿಕೆಗಳು ಬರುವಂತೆ ಹೆಣೆಯುವವರಿಗೆ 60 ಕುಣಿಕೆಗಳು ಸಾಕು. ಅದೇ 60ನ್ನು ಸ್ವಲ್ಪ ಸಡಿಲವಾಗಿ, ಸೆಂಟಿಮೀಟರಿಗೆ 2.7ರಂತೆ ಹೆಣೆದರೆ ಸುತ್ತಳತೆ 22 ಸೆಂಟಿಮೀಟರಿಗೂ ಮೀರಿ ಬಿಗಿ ಪೂರ್ತಿ ಹೋಗುತ್ತದೆ! ಒಬ್ಬರಿಗೆ ಪ್ರಿಯವಾದ ಮಾದರಿ ಮತ್ತೊಬ್ಬರಿಗೆ ಒಗ್ಗದಿರುವುದಕ್ಕೆ ಬಹುಪಾಲು ಕಾರಣ ಇದೇ. ಒಂದು ಚೀಲಕ್ಕೆ ಹತ್ತು ಸಾವಿರದಷ್ಟು ಕುಣಿಕೆಗಳು ಬೇಕಾಗಬಹುದು. ಅಷ್ಟು ದುಡಿಯುವ ಮೊದಲು ಒಂದು ಪರೀಕ್ಷಾ ತುಂಡನ್ನು, ಚೀಲದಂತೆಯೇ ಸುತ್ತುಸುತ್ತಾಗಿ ಹೆಣೆದು, ಒಗೆದು, ಒಣಗಿಸಿ ಅಳೆಯುವುದು ಜಾಣತನ. ಒಗೆದಾಗ ಕುಣಿಕೆಗಳು ಸೆಳೆತವನ್ನು ಕಳೆದುಕೊಂಡು ತಮ್ಮ ನಿಜವಾದ ಅಳತೆಗೆ ಬರುತ್ತವೆ.

ಇಷ್ಟಾದರೆ ಕೊಳವೆಯೊಂದು ಸಿದ್ಧವಾಯಿತು. ಆದರೆ ನಮ್ಮ ಕಾಲು ಕೊಳವೆಯಲ್ಲವಷ್ಟೆ. ಹಿಮ್ಮಡಿಯು ಗೋಳದ ತುಣುಕಿನಂತಿದೆ. ಸಪಾಟಾದ ಹಾಳೆಯನ್ನು ಹಿಗ್ಗಿಸದೆ, ಹರಿಯದೆ ಗೋಳದ ಮೇಲೆ ಹೊದಿಸಲಾಗದೆಂಬುದು 1827ರಲ್ಲಿ ಗೌಸ್ ಎಂಬ ಗಣಿತಜ್ಞನು ತೋರಿಸಿದ ತತ್ತ್ವದಿಂದ ತಿಳಿಯುತ್ತದೆ. ಹೆಣೆಯುವವರು ಆ ವಕ್ರತೆಯನ್ನು ಬಟ್ಟೆಯೊಳಗೇ ಹುಟ್ಟಿಸುತ್ತಾರೆ. ಇದಕ್ಕೆ ಪ್ರಮೇಯವನ್ನು ಅವರು ಓದಬೇಕಾಗಿಲ್ಲ.

ನಮ್ಮ ಉದಾಹರಣೆಯಲ್ಲಿ 60ರ ಪೈಕಿ 30 ಕುಣಿಕೆಗಳನ್ನು ಹಾಗೆಯೇ ನಿಲ್ಲಿಸಿ, ಉಳಿದ 30ರ ಮೇಲೆ ಮಾತ್ರ 30 ಸಾಲುಗಳ ಪಟ್ಟಿಯೊಂದನ್ನು ಹಿಮ್ಮಡಿಯ ಹಿಂಭಾಗಕ್ಕೆ ಹೆಣೆಯುತ್ತಾರೆ. ಬಳಿಕ ಸಾಲಿನ ಕೊನೆಯವರೆಗೆ ಹೋಗದೆ ನಡುವಿನಿಂದಲೇ ತಿರುಗುತ್ತ, ತಿರುಗುವ ಕಡೆ ಎರಡೆರಡನ್ನು ಒಂದಾಗಿಸುತ್ತ, 30ನ್ನು 18ಕ್ಕೆ ಇಳಿಸುತ್ತಾರೆ. ನಡುವೆ ಸಾಲುಗಳು ಹೆಚ್ಚು, ಅಂಚಿನಲ್ಲಿ ಕಡಮೆ. ಆದಕಾರಣ ಬಟ್ಟೆ ಬಟ್ಟಲಿನಂತೆ ಗುಳಿ ಬೀಳುತ್ತದೆ. ಆಮೇಲೆ ಪಟ್ಟಿಯ ಒಂದೊಂದು ಅಂಚಿನಿಂದ 15 ಕುಣಿಕೆಗಳನ್ನು ಎತ್ತಿಕೊಂಡು ನಿಲ್ಲಿಸಿದ 30ರೊಡನೆ ಸೇರಿಸಿದರೆ ಒಟ್ಟು 78. ಸುತ್ತು ಬಿಟ್ಟು ಸುತ್ತಿಗೆ ಎರಡರಂತೆ ಇಳಿಸಿದರೆ 18 ಸುತ್ತುಗಳಲ್ಲಿ ಮತ್ತೆ 60.

ಹಿಮ್ಮಡಿಯ ತುದಿಯಿಂದ ಪಾದದ ಮೇಲ್ಗಡೆಯ ಬಾಗಿನವರೆಗೆ ಓರೆಯಾಗಿ ದಾರ ಸುತ್ತಿ ಅಳೆದು ನೋಡಿರಿ. ಕಾಲಿನಲ್ಲಿ ಅತಿ ಹೆಚ್ಚಿನ ಸುತ್ತಳತೆ ಅಲ್ಲಿರುವುದು ಕಂಡುಬರುತ್ತದೆ. ಆ ಹೆಚ್ಚುವರಿ 18 ಕುಣಿಕೆಗಳಿರುವುದು ಅದಕ್ಕಾಗಿ. ಮಾದರಿಗಳನ್ನು ಆರಿಸುವಾಗ ಬಣ್ಣ, ಹೂಬಳ್ಳಿಗಳನ್ನು ನೋಡಿ ಮರುಳಾಗುವವರೇ ಹೆಚ್ಚು; ನಾವಾದರೋ ಹಿಮ್ಮಡಿಯ ಲೆಕ್ಕವನ್ನೇ ಮೊದಲು ನೋಡುತ್ತೇವೆ. ಪಾದದ ಬಾಗು ಎತ್ತರವಾಗಿರುವವರು ಪಟ್ಟಿಯನ್ನು 30ರ ಬದಲು 36 ಸಾಲು ಹೆಣೆದರೆ ಅಂಚಿಗೆ 18ರಂತೆ ಕುಣಿಕೆಗಳು ದೊರೆತು, ಆ ಜಾಗದಲ್ಲಿ ಒಟ್ಟು 84 ಆಗುತ್ತವೆ. ಬೆರಳುಗಳ ಕಡೆಯ ಲೆಕ್ಕವನ್ನು ಮುಟ್ಟಬೇಕಾಗಿಲ್ಲ.