ಹಳೇ ಮೊಬೈಲನ್ನು ಗುಜರಿಗೆ ಹಾಕಬೇಡಿ

ಹೈದರಾಬಾದಿನ ಕಾಚಿಗೂಡದ ಕನ್ನಡಿಗರೇ, ಮನೆಯಲ್ಲಿ ಕೆಟ್ಟ ಮೊಬೈಲು, ಚಾರ್ಜರು ಬಿದ್ದಿವೆಯೇ? ಗುಜರಿಗೆ ಹಾಕಬೇಡಿ. ಎಷ್ಟೋ ಕಡೆ ತಾಮ್ರಕ್ಕಾಗಿ ವೈರು ಸುಡುತ್ತಾರೆ, ಚಿನ್ನಕ್ಕಾಗಿ ಬೋರ್ಡನ್ನು ಆಸಿಡ್‌ಗೆ ಹಾಕುತ್ತಾರೆ. ಆ ವಿಷದ ಹೊಗೆ ಕುಡಿಯುವವರು ಬಡ ಕೂಲಿಗಳು.

2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಂತೆ ಮರುಬಳಕೆಯ ಹೊಣೆ ಮೊಬೈಲ್ ಕಂಪನಿಯದ್ದು. ಅದರ ಸರ್ವಿಸ್ ಸೆಂಟರಿನಲ್ಲಿ ಕೇಳಿ. ಇಲ್ಲವೇ ತೆಲಂಗಾಣ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಇರುವ ರೀಸೈಕ್ಲರ್‌ಗೆ ಕೊಡಿ.

ಫೋನ್ ಇನ್ನೂ ನಡೆಯುತ್ತಿದೆಯೇ? ಓದುವ ಮಗುವಿಗೆ ಕೊಡಿ. ಮೊದಲು ಸಿಮ್, ಮೆಮೊರಿ ಕಾರ್ಡ್ ತೆಗೆಯಿರಿ. ಗೂಗಲ್ ಖಾತೆ ತೆಗೆದುಹಾಕಿ, ಫ್ಯಾಕ್ಟರಿ ರೀಸೆಟ್ ಮಾಡಿ. ಬ್ಯಾಟರಿ ಉಬ್ಬಿದ್ದರೆ ಒತ್ತಬೇಡಿ, ಚುಚ್ಚಬೇಡಿ, ಬೆಂಕಿ ಹತ್ತೀತು.

ನಮ್ಮ ಸಾಹಿತ್ಯ ಮಂದಿರದಲ್ಲಿ, ನೃಪತುಂಗ ಶಾಲೆಯಲ್ಲಿ ಹಳೇ ಮೊಬೈಲು, ಚಾರ್ಜರು ಹಾಕಲು ಒಂದು ಪೆಟ್ಟಿಗೆ ಇಡಿಸೋಣ, ಬನ್ನಿ.