ಹಾಲು ಕರೆಯುವ ಯಂತ್ರ: ಮಾಪಕದ ಮುಳ್ಳು ಏನು ಹೇಳುತ್ತದೆ?



ಕೂಲಿಯಾಳು ಸಿಗದ ಈ ಕಾಲದಲ್ಲಿ ನಾಲ್ಕೈದು ಹಸು ಇರುವವರೂ ಹಾಲು ಕರೆಯುವ ಯಂತ್ರ ಇಟ್ಟುಕೊಂಡಿದ್ದಾರೆ. ಯಂತ್ರ ಓಡುತ್ತಿದ್ದರೆ ಎಲ್ಲ ಸರಿಯಿದೆ ಎಂದುಕೊಳ್ಳುತ್ತೇವೆ. ಆದರೆ ಓಡುವುದು ಬೇರೆ, ಹತೋಟಿಯಲ್ಲಿ ಓಡುವುದು ಬೇರೆ. ಹತೋಟಿ ತಪ್ಪಿದ ಯಂತ್ರ ಕೆಚ್ಚಲು ಬಾವಿಗೆ ದಾರಿ ಮಾಡುತ್ತದೆ.

ಪಂಪು ಪೈಪಿನೊಳಗಿನ ಗಾಳಿ ಎಳೆದು ವ್ಯಾಕ್ಯೂಮ್ ಉಂಟುಮಾಡುತ್ತದೆ. ಇದು ಸಾಮಾನ್ಯವಾಗಿ 40ರಿಂದ 50 ಕಿಲೋಪ್ಯಾಸ್ಕಲ್ ನಡುವೆ, ತಯಾರಕರು ಸೂಚಿಸಿದ ಮಟ್ಟದಲ್ಲಿ ನಿಲ್ಲಬೇಕು. ಪಂಪಿಗೆ ಎಳೆಯುವುದಷ್ಟೇ ಗೊತ್ತು. ಮಟ್ಟ ಕಾಯುವುದು ರೆಗ್ಯುಲೇಟರ್. ವ್ಯಾಕ್ಯೂಮ್ ಹೆಚ್ಚಾದರೆ ಅದು ತೆರೆದು ಹೊರಗಿನ ಗಾಳಿ ಒಳಬಿಡುತ್ತದೆ, ಕಡಿಮೆಯಾದರೆ ಮುಚ್ಚಿಕೊಳ್ಳುತ್ತದೆ. ಹೀಗೆ ಫಲವನ್ನು ನೋಡಿ ತಾನೇ ತಿದ್ದಿಕೊಳ್ಳುವ ಏರ್ಪಾಡಿಗೆ ಎಂಜಿನಿಯರುಗಳು ಫೀಡ್‌ಬ್ಯಾಕ್ ಕಂಟ್ರೋಲ್ ಎನ್ನುತ್ತಾರೆ.

ಪಲ್ಸೇಟರ್ ಹಾಗಲ್ಲ. ನಿಮಿಷಕ್ಕೆ ಸುಮಾರು 60 ಬಾರಿ ಲೈನರನ್ನು ತೆರೆದು ಮುಚ್ಚುತ್ತಲೇ ಇರುತ್ತದೆ. ಹಾಲು ಮುಗಿದದ್ದು ಅದಕ್ಕೆ ತಿಳಿಯದು. ಸಣ್ಣ ಯಂತ್ರಗಳಲ್ಲಿ ಅದನ್ನು ತಿಳಿಯಬೇಕಾದದ್ದು ನಿಮ್ಮ ಕಣ್ಣು. ಹಾಲಿನ ಹರಿವು ನಿಂತ ಕೂಡಲೇ ಮೊದಲು ವ್ಯಾಕ್ಯೂಮ್ ಬಂದ್ ಮಾಡಿ, ನಂತರ ಕಪ್ ತೆಗೆಯಿರಿ.

ಇನ್‌ಪುಟ್‌ನಲ್ಲಿ ಆದ ಬದಲಾವಣೆಗೆ ಒಂದು ವ್ಯವಸ್ಥೆ ಎಷ್ಟು ಮತ್ತು ಎಷ್ಟು ಬೇಗ ಸ್ಪಂದಿಸುತ್ತದೆ ಎಂಬುದನ್ನು ಹೇಳುವ ಗಣಿತ ಸೂತ್ರವೇ ಟ್ರಾನ್ಸ್‌ಫರ್ ಫಂಕ್ಷನ್. ನಮಗೆ ಸೂತ್ರ ಬೇಡ, ಮಾಪಕದ ಮುಳ್ಳು ಸಾಕು. ತಿಂಗಳಿಗೊಮ್ಮೆ, ಹಸುವಿಗೆ ಹಾಕುವ ಮೊದಲು, ಹೀಗೆ ಪರೀಕ್ಷಿಸಿ:

1. ಕಪ್‌ಗಳ ಬಾಯಿ ಮುಚ್ಚಿ ಯಂತ್ರ ಓಡಿಸಿ. ಮುಳ್ಳು ನಿಂತ ಮಟ್ಟ ಬರೆದುಕೊಳ್ಳಿ.

2. ಒಂದು ಕಪ್ ತೆರೆದು 5 ಸೆಕೆಂಡ್ ಗಾಳಿ ಒಳಗೆ ಬಿಡಿ. ಮುಳ್ಳು ಎಷ್ಟು ಇಳಿಯಿತು ನೋಡಿ.

3. ಕಪ್ ಮುಚ್ಚಿ. ಮುಳ್ಳು ಮೊದಲಿನ ಮಟ್ಟಕ್ಕೆ ಬರಲು ಎಷ್ಟು ಸೆಕೆಂಡ್ ಬೇಕಾಯಿತು, ಮಟ್ಟ ದಾಟಿ ಮೇಲೆ ಹೋಯಿತೇ ಗಮನಿಸಿ.

ಯಂತ್ರ ಹೊಸದಾಗಿದ್ದಾಗ ಅಥವಾ ಸರ್ವಿಸ್ ಆದ ದಿನ ಬರೆದಿಟ್ಟ ಅಂಕಿಗಳೊಂದಿಗೆ ಹೋಲಿಸಿ. ಮುಳ್ಳು ನಿಧಾನವಾಗಿ ಏರುತ್ತಿದ್ದರೆ ಪೈಪಿನಲ್ಲಿ ಸೋರಿಕೆ, ಸಡಿಲ ಬೆಲ್ಟ್ ಅಥವಾ ಸವೆದ ಪಂಪು ಕಾರಣವಿರಬಹುದು. ಮಟ್ಟ ದಾಟಿ ಮೇಲೆ ಹೋಗುತ್ತಿದ್ದರೆ ರೆಗ್ಯುಲೇಟರಿನಲ್ಲಿ ಧೂಳು ಕಟ್ಟಿ ಅದು ಅಂಟಿಕೊಳ್ಳುತ್ತಿರಬಹುದು. ಹಾಲು ಕರೆಯುವಾಗ ರೆಗ್ಯುಲೇಟರಿನಿಂದ ಸುಯ್ ಎಂಬ ಸದ್ದು ಕೇಳಬೇಕು. ಸದ್ದೇ ಇಲ್ಲದಿದ್ದರೆ ಪಂಪಿನ ಶಕ್ತಿ ಸಾಲದಿರಬಹುದು. ಯಂತ್ರ ನಿಲ್ಲಿಸಿದ ಮೇಲೂ ಮುಳ್ಳು ಸೊನ್ನೆಗೆ ಬಾರದಿದ್ದರೆ ಮಾಪಕವನ್ನೇ ಬದಲಿಸಿ.

ಇಷ್ಟು ಕಾಳಜಿ ಏಕೆ? ವ್ಯಾಕ್ಯೂಮ್ ಹೆಚ್ಚಾದರೆ ಮೊಲೆಯ ತುದಿಯಲ್ಲಿ ರಕ್ತ ಕಟ್ಟಿ ಊದಿಕೊಳ್ಳುತ್ತದೆ, ಬರಬರುತ್ತಾ ಗಡುಸಾಗುತ್ತದೆ. ಕಡಿಮೆಯಾದರೆ ಕಪ್ ಜಾರುತ್ತದೆ. ಆಗ ನುಗ್ಗುವ ಗಾಳಿ ಹಾಲಿನ ಹನಿಗಳನ್ನು ರೋಗಾಣುಗಳ ಸಮೇತ ಮೊಲೆಯ ತುದಿಗೆ ಎರಚುತ್ತದೆ. ಕೆಚ್ಚಲು ಬಾವು ಕಣ್ಣಿಗೆ ಕಾಣುವ ಮೊದಲೇ ಹಾಲು ಕಡಿಮೆಯಾಗಿರುತ್ತದೆ.

ರೆಗ್ಯುಲೇಟರಿನ ಸ್ಪ್ರಿಂಗ್ ಅಥವಾ ತೂಕವನ್ನು ನೀವೇ ತಿರುಚಬೇಡಿ. ಅಂಕಿ ಬರೆದ ಪುಸ್ತಕವನ್ನು ಯಂತ್ರದ ತಂತ್ರಜ್ಞರಿಗೆ ತೋರಿಸಿ. ಕೆಚ್ಚಲಿನಲ್ಲಿ ವ್ಯತ್ಯಾಸ ಕಂಡರೆ ತಡಮಾಡದೆ ಪಶುವೈದ್ಯರಿಗೆ ತಿಳಿಸಿ.