ಹಿಪ್ಲದ ಗದ್ದೆಗೆ ಕಾಡು ಮರಳಿದ ದಾರಿ

ಚಿಕ್ಕಮಗಳೂರಿನ ಮುತ್ತೋಡಿ ಕಾಡಿನೊಳಗೆ ಹಿಪ್ಲ, ಕರ್ವಾನಿ, ಮಡ್ಲ ಎಂಬ ಹೆಸರುಗಳು ಉಳಿದಿವೆ, ಊರುಗಳಿಲ್ಲ. ಭತ್ತ ಬೆಳೆಯುತ್ತಿದ್ದ ಗದ್ದೆಗಳಲ್ಲಿ ಈಗ ಜಿಂಕೆ, ಕಾಟಿಗಳು ಮೇಯುತ್ತವೆ.

1951ರಲ್ಲಿ ಜಾಗರ ಕಣಿವೆಯ ವನ್ಯಧಾಮವಾಗಿ ಆರಂಭವಾದ ಈ ಪ್ರದೇಶ 1974ರಲ್ಲಿ ಹಿಗ್ಗಿ ಭದ್ರಾ ಅಭಯಾರಣ್ಯವಾಯಿತು. 1998ರಲ್ಲಿ ಹುಲಿ ಯೋಜನೆಗೆ ಸೇರಿತು. ಒಳಗಿನ ಹಳ್ಳಿಗಳ ದನಗಳಿಗೆ ಕಾಡೇ ಹುಲ್ಲುಗಾವಲು. 1980ರ ದಶಕದ ಕೊನೆಗೆ ಆ ದನಗಳಿಂದ ಹರಡಿದ ದೊಡ್ಡರೋಗ (ರಿಂಡರ್‌ಪೆಸ್ಟ್) ಕಾಟಿಗಳ ಹಿಂಡುಗಳನ್ನೇ ನುಂಗಿತು. ಜನರ ಪಾಡೂ ಸುಖದ್ದಾಗಿರಲಿಲ್ಲ: ಬೆಳೆಗೆ ಆನೆ, ಕೊಟ್ಟಿಗೆಗೆ ಹುಲಿ, ಆಸ್ಪತ್ರೆ, ಶಾಲೆ ದೂರ.

ಊರು ಬಿಡುವ ಮಾತು ಹತ್ತಾರು ವರ್ಷ ಎಳೆದಾಡಿತು. ಕೊನೆಗೆ 2001–02ರಲ್ಲಿ 419 ಕುಟುಂಬಗಳು ತರೀಕೆರೆ ಕಡೆಯ ಎಂ.ಸಿ. ಹಳ್ಳಿಗೂ ಮೂಡಿಗೆರೆ ಸೀಮೆಯ ಕೆಳಗೂರಿಗೂ ಹೊರಟವು. ಅಲ್ಲಿ ಜಮೀನು, ಮನೆ ಕಟ್ಟಲು ನೆರವು ಸಿಕ್ಕವು. ವನ್ಯಜೀವಿ ಸಂಶೋಧಕಿ ಕೃತಿ ಕಾರಂತ್ ಈ ಕುಟುಂಬಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ ಅಧ್ಯಯನ ಮಾಡಿ, ದೇಶದಲ್ಲಿ ಬಹುಮಟ್ಟಿಗೆ ಸಫಲವಾದ ಪುನರ್ವಸತಿಗಳಲ್ಲಿ ಇದೂ ಒಂದೆಂದು 2007ರಲ್ಲಿ ಬರೆದರು.

ಇತ್ತ ಕಾಡು ತನ್ನ ಕೆಲಸಕ್ಕೆ ಇಳಿಯಿತು. ದನದ ಬಾಯಿ, ಬೇಸಗೆಯ ಬೆಂಕಿ, ಕೊಡಲಿ ಮೂರೂ ನಿಂತರೆ ಮಲೆನಾಡಿನ ಮಣ್ಣಿಗೆ ನರ್ಸರಿ ಗಿಡದ ಹಂಗು ಕಡಿಮೆ. ಹಳೆಯ ಬೇರುಗಳೇ ಚಿಗುರುತ್ತವೆ. ಹಕ್ಕಿಗಳು ಬೀಜ ಬಿತ್ತುತ್ತವೆ. ಆದರೆ ತೆರವಾದ ಜಾಗಕ್ಕೆ ಎಲ್ಲರಿಗಿಂತ ಮೊದಲು ಓಡಿಬರುವುದು ಲಂಟಾನ. ಅದನ್ನು ಕಿತ್ತು ಹದ್ದುಬಸ್ತಿನಲ್ಲಿಡಲು ಕೈಗಳು ಬೇಕೇ ಬೇಕು.

ಭದ್ರಾದ ಕಾಡು ಇಂಗಾಲ ಮಾರಲೆಂದು ಬೆಳೆದದ್ದಲ್ಲ. ಆದರೂ ಕೇಂದ್ರ ಸರ್ಕಾರ 2023ರಲ್ಲಿ ಕಾರ್ಬನ್ ಕ್ರೆಡಿಟ್ ವಹಿವಾಟು ಯೋಜನೆ ಪ್ರಕಟಿಸಿದ ಮೇಲೆ, ಮೇದು ಬರಿದಾದ ಹುಲ್ಲುಬನ್ನಿಯಲ್ಲಿ ಕಾಡು ಬೆಳೆಸಿ, ಅದು ಹೀರಿಟ್ಟ ಇಂಗಾಲಕ್ಕೆ ಹಣ ಪಡೆಯಬಹುದೇ ಎನ್ನುವವರು ಮೊದಲು ನೋಡಬೇಕಾದ ಪಾಠ ಇಲ್ಲಿದೆ. ದನ ಎಲ್ಲಿಗೆ ಹೋಗಬೇಕು, ದನ ನಂಬಿದವರು ಹೇಗೆ ಬದುಕಬೇಕು ಎಂಬುದು ತೀರ್ಮಾನವಾಗದೆ ಬೇಲಿ ಹಾಕಿದರೆ, ದನಗಳು ಪಕ್ಕದ ಗುಡ್ಡವನ್ನು ಬೋಳಿಸುತ್ತವೆ. ಇಲ್ಲಿ ಉಳಿದ ಇಂಗಾಲ ಅಲ್ಲಿ ಸೋರುತ್ತದೆ.

ಜಾಗದ ಆಯ್ಕೆಯಲ್ಲೂ ಎಚ್ಚರ ಬೇಕು. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ, ಕಳಸದಾಚೆಯ ಕುದುರೆಮುಖದ ನೆತ್ತಿಗಳಲ್ಲಿರುವ ಹುಲ್ಲು ಪಾಳುಭೂಮಿಯಲ್ಲ. ಕಣಿವೆಗಳ ಶೋಲಾ ಕಾಡಿನ ಜೊತೆಗೇ ಬೆಳೆದುಬಂದ ಆ ಹುಲ್ಲು ಇಂಗಾಲವನ್ನು ಬೇರು, ಮಣ್ಣಿನಲ್ಲಿ ಹುದುಗಿಸಿಡುತ್ತದೆ. ಅಲ್ಲಿ ಅಕೇಶಿಯಾ ನೆಟ್ಟರೆ ಲೆಕ್ಕಕ್ಕೆ ಮರ ಸಿಗಬಹುದು, ಹುಲ್ಲುಗಾವಲು ಹೋಗುತ್ತದೆ.

ಕಾಫಿ ತೋಟದ ಅಂಚಿನ ಬರಡು ಜಾಗಗಳ ಕತೆ ಬೇರೆ. ಮತ್ತಿ, ನಂದಿ, ಹೊನ್ನೆ ಅಲ್ಲಿ ಮತ್ತೆ ಏಳಬಲ್ಲವು. ಆದರೆ ತೋಟದ ನೆರಳಿಗೆ ನೆಡುವ ಸಿಲ್ವರ್ ಓಕ್ ಕಡಿಯಲು ಬೆಳೆಗಾರರಿಗೆ ಅರಣ್ಯ ಇಲಾಖೆಯ ಅನುಮತಿ ಬೇಕಿಲ್ಲ. ತಾವೇ ಬೆಳೆಸಿದ ಹೊನ್ನೆಗೆ ಬೇಕು. ಇಂಗಾಲದ ಹಣ ಬರುವ ಮುನ್ನವೇ ಈ ಒಂದು ನಿಯಮ ಯಾವ ಸಸಿ ನೆಡಬೇಕೆಂದು ಹೇಳಿಬಿಡುತ್ತಿದೆ.